ಆರೋಪ ಬಂದ ದಿನ ಏನು ಮಾಡಬೇಕು?

ಕಳೆದ ವರ್ಷ ನನ್ನ ಖಾಲಾನ ಮಗ ಬೇರೆ ಊರಿನಲ್ಲಿ ಗೆಳೆಯರ ಜೊತೆ ಚಹಾ ಅಂಗಡಿಯಲ್ಲಿ ಕೂತಿದ್ದಾಗ ಪೊಲೀಸರು ಬಂದರು. ಒಬ್ಬನ ಜೇಬಿನಲ್ಲಿ ಗಾಂಜಾ ಸಿಕ್ಕಿತು. ನಾಲ್ವರನ್ನೂ ಕರೆದುಕೊಂಡು ಹೋದರು. ಇವನ ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ರಾತ್ರಿಯೇ ಮನೆಗೆ ಕಳುಹಿಸಿದರು. ಆದರೆ ಹೆದರಿಕೆಯಲ್ಲಿ ಒಂದು ಕಾಗದಕ್ಕೆ ಓದದೆ ಸಹಿ ಹಾಕಿ ಬಂದಿದ್ದ. ಅದರಲ್ಲಿ ಏನಿತ್ತು ಎಂದು ಖಾಲೂ ಕೇಳಿದರೆ ಉತ್ತರವಿಲ್ಲ. ಮೂರು ವಾರ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಪರ್ಕಳದ ಪಕ್ಕದಲ್ಲೇ ಮಣಿಪಾಲ. ಅಲ್ಲಿ ಗಾಂಜಾ ಸೇವನೆ ಆರೋಪದಲ್ಲಿ ಯುವಕರು ವಶಕ್ಕೆ ಎಂಬ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತೇವೆ. ಮಾದಕ ವಸ್ತು ಬೇಡ ಎಂಬ ಭಾಷಣಗಳನ್ನೂ ಬೇಕಾದಷ್ಟು ಕೇಳಿದ್ದೇವೆ. ಆರೋಪ ಬಂದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ಮೊದಲಿಗೆ ಓಡಬಾರದು, ತಳ್ಳಾಟವೂ ಬೇಡ. ಫೋನಿನ ಮೆಸೇಜು ಅಳಿಸಿದರೆ ಸಾಕ್ಷ್ಯನಾಶ ಎಂಬ ಇನ್ನೊಂದು ಆರೋಪ ಸೇರುತ್ತದೆ. ಹೆಸರು, ವಿಳಾಸ ಸರಿಯಾಗಿ ಹೇಳಿ. 1985ರ ಎನ್‌ಡಿಪಿಎಸ್ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ಮೈ ತಪಾಸಣೆಯನ್ನು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿ ಎಂದು ಕೇಳುವ ಹಕ್ಕು ನಮಗಿದೆ. ಆ ಹಕ್ಕನ್ನು ಅವರೇ ತಿಳಿಸಬೇಕು. ಹುಡುಗಿಯರನ್ನು ಮಹಿಳೆಯರೇ ತಪಾಸಣೆ ಮಾಡಬೇಕು. ಆದರೆ ಬ್ಯಾಗಿಗೆ ಈ ರಕ್ಷಣೆ ಇಲ್ಲ. ಬ್ಯಾಗಿನಲ್ಲಿ ವಸ್ತು ಸಿಕ್ಕರೆ, ಅದರ ಬಗ್ಗೆ ನನಗೆ ತಿಳಿದಿರಲಿಲ್ಲ ಎಂದು ತೋರಿಸುವ ಹೊಣೆಯೂ ಹಿಡಿದವನ ಮೇಲೇ ಬೀಳುತ್ತದೆ. ಸ್ವಲ್ಪ ಹಿಡ್ಕೋ, ಈಗ ಬರ್ತೇನೆ ಎನ್ನುವ ಗೆಳೆಯರ ಬ್ಯಾಗು ಹಿಡಿಯುವ ಅಭ್ಯಾಸ ನನಗೂ ಇತ್ತು.

ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, ಸಂವಿಧಾನದ 20(3)ನೇ ವಿಧಿ ಇದನ್ನೇ ಹೇಳುತ್ತದೆ. ಮಹಜರಾಗಲಿ ಹೇಳಿಕೆಯಾಗಲಿ, ಓದಿಯೇ ಸಹಿ ಹಾಕಿ. ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ. ಬಂಧಿಸಿದರೆ ಕಾರಣವನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ನಮ್ಮ ಅಬ್ಬಾ ಉರ್ದು ಮಾತ್ರ ಓದುತ್ತಾರೆ, ಹಾಗಾಗಿ ಈ ಮಾತು ನನಗೆ ಮುಖ್ಯವಾಗಿ ಕಂಡಿತು. ಮನೆಯವರಿಗೂ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಅಂಥವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಒಳ್ಳೆಯ ದಾಖಲೆ. ಡಿಜಿಲಾಕರಿನಲ್ಲಿ ಇಟ್ಟುಕೊಳ್ಳಿ.

ಕಾಮರ್ಸ್‌ನವನಾದ್ದರಿಂದ ಲೆಕ್ಕವನ್ನೂ ನೋಡಿದೆ. ಗಾಂಜಾ 1 ಕೆಜಿವರೆಗೆ ಅಲ್ಪ ಪ್ರಮಾಣ, ಶಿಕ್ಷೆ 1 ವರ್ಷದವರೆಗೆ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಬಂದರೆ ಅಲ್ಪ ಎಂದರೆ ಅರ್ಧ ಗ್ರಾಂ, ವಾಣಿಜ್ಯ ಎಂದರೆ ಬರೇ 10 ಗ್ರಾಂ, ಅಂದರೆ ಎರಡು ಚಮಚ ಸಕ್ಕರೆಯಷ್ಟು. ಅದಕ್ಕೆ ಕನಿಷ್ಠ 10 ವರ್ಷ, ಜಾಮೀನೂ ಬಹಳ ಕಷ್ಟ. ಇಷ್ಟು ದೊಡ್ಡ ಪ್ರಕರಣವಾದರೆ 16 ದಾಟಿದವರನ್ನು ದೊಡ್ಡವರಂತೆಯೇ ವಿಚಾರಣೆ ಮಾಡುವ ಸಾಧ್ಯತೆಯೂ ಇದೆ.

ನಟಿ ರಾಗಿಣಿ ದ್ವಿವೇದಿ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಂಧಿತರಾದದ್ದು ಎಲ್ಲರಿಗೂ ನೆನಪಿದೆ. ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕಿದ್ದು 2021ರ ಜನವರಿಯಲ್ಲಿ. ಅವರ ಮೇಲಿನ ಪ್ರಕರಣವನ್ನು 2025ರ ಜನವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದ್ದು ಎಷ್ಟು ಜನರಿಗೆ ಗೊತ್ತು? ನಾನು ತರಗತಿಯಲ್ಲಿ ಕೇಳಿದೆ, ಒಂದು ಕೈಯೂ ಮೇಲೇಳಲಿಲ್ಲ.

ಚಟಕ್ಕೆ ಬಿದ್ದವರಿಗೂ ದಾರಿ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ, ತಾವಾಗಿಯೇ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪೂರ್ತಿ ಮಾಡುವವರನ್ನು 64ಎ ಸೆಕ್ಷನ್ ವಿಚಾರಣೆಯಿಂದ ಬಿಡುತ್ತದೆ.

ವಕೀಲರಿಗೆ ಹಣವಿಲ್ಲ ಎಂದು ಕೂರಬೇಕಾಗಿಲ್ಲ. ಮಕ್ಕಳಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಖಾಲೂ ಕೊನೆಗೆ ಅಂಥ ಒಬ್ಬ ವಕೀಲರನ್ನೇ ಹಿಡಿದರು. ಅವರು ಹೋಗಿ ವಿಚಾರಿಸಿದಾಗ ತಿಳಿದದ್ದು, ಮಗ ಸಹಿ ಹಾಕಿದ್ದು ಕರೆದಾಗ ಬರುತ್ತೇನೆ ಎಂದು ಬರೆದ ಕಾಗದಕ್ಕೆ. ಇದುವರೆಗೆ ಕರೆದಿಲ್ಲ.