ಜ್ವರ ಬಂದು ಎಷ್ಟು ದಿನವಾಯ್ತು? ಸೂಜಿ ಚುಚ್ಚುವ ಮೊದಲೇ ಹೇಳಿ!

ಚಳಿ ಇಳಿದು ಕಾಡಿನಲ್ಲಿ ದರಗು ಉದುರಿತೆಂದರೆ ಸಾಗರ, ತೀರ್ಥಹಳ್ಳಿ ಕಡೆಯ ಬಸ್ಸುಗಳಲ್ಲಿ ಅಡಿಕೆ ರೇಟಿನ ಜೊತೆಗೆ ಇನ್ನೊಂದು ಮಾತೂ ಶುರುವಾಗುತ್ತದೆ. "ಅಲ್ಲೆಲ್ಲೋ ಮಂಗ ಸತ್ತು ಬಿದ್ದಿದೆಯಂತೆ ಮಾರಾಯ್ರೆ!" ಅಷ್ಟು ಸಾಕು, ಬಸ್ಸಿಗೆ ಬಸ್ಸೇ ಗಪ್‌ಚಿಪ್.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವಿಜ್ಞಾನಿಗಳು ಬಂದು ರೋಗದ ವೈರಸ್ಸನ್ನು ಪತ್ತೆ ಹಚ್ಚಿದರು. ಹೆಸರು ಮಂಗನ ಕಾಯಿಲೆ, ಆದರೆ ಮನುಷ್ಯರಿಗೆ ಅಂಟಿಸುವುದು ಉಣುಗು. ದರಗು ಗುಡಿಸಲು, ಸೌದೆ ತರಲು, ದನ ಹುಡುಕಲು ಹೋದವರಿಗೆ ಕಚ್ಚುತ್ತದೆ. ವಾರದೊಳಗೆ ಸುಡುವ ಜ್ವರ, ತಲೆ ಸಿಡಿತ, ಮೈ-ಕೈ ನೋವು. ಕೆಲವರಿಗೆ ರಕ್ತಸ್ರಾವ. ರೋಗ ಬಂದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಆದ ಸಾವುಗಳನ್ನು ಜನ ಇನ್ನೂ ಮರೆತಿಲ್ಲ.

ಪೇಚಾಟ ಇರುವುದು ಮೊದಲ ದಿನಗಳಲ್ಲಿ. ಡೆಂಗಿಯೂ ಹೀಗೇ ಶುರು, ಇಲಿ ಜ್ವರವೂ ಹೀಗೇ ಶುರು. ಮುಖ ನೋಡಿ ಹೇಳಲಾಗದು, ರಕ್ತವೇ ಹೇಳಬೇಕು.

ಇಲಿಮರಿಯಿಂದ ಯಂತ್ರದವರೆಗೆ

ಹಿಂದೆ ರಕ್ತ ಹೇಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ರೋಗಿಯ ರಕ್ತವನ್ನು ಹಾಲು ಕುಡಿಯುವ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವೋ ಎಂದು ದಿನಗಟ್ಟಲೆ ಕಾಯಬೇಕಿತ್ತು. ಇಲ್ಲವೇ ವಾರಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು ಹೋಲಿಸಬೇಕಿತ್ತು. ವರದಿ ಬರುವಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದ, ಇಲ್ಲವೇ ತಿಥಿಯೇ ಮುಗಿದಿರುತ್ತಿತ್ತು.

2012ರ ಹೊತ್ತಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎರಡು ಬಗೆಯ ಹೊಸ ಪರೀಕ್ಷೆ ಸಿದ್ಧಪಡಿಸಿತು. ಒಂದು, ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪಿಸಿಆರ್. ಇದು ವೈರಸ್ಸಿನ ಗುರುತನ್ನೇ ಹುಡುಕುತ್ತದೆ. ಇನ್ನೊಂದು ಎಲಿಸಾ. ಇದು ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಎಡವುವುದು ಇಲ್ಲೇ

ಕಳ್ಳ ಮನೆಯೊಳಗೆ ಇರುವಾಗ ಹುಡುಕುವುದು ಪಿಸಿಆರ್, ಹೋದ ಮೇಲೆ ಹೆಜ್ಜೆ ಗುರುತು ನೋಡುವುದು ಎಲಿಸಾ. ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ವಾರ. ಪ್ರತಿಕಾಯ ಕಾಣಿಸಿಕೊಳ್ಳಲು ನಾಲ್ಕೈದು ದಿನವಾದರೂ ಬೇಕು. ಎರಡನೇ ದಿನವೇ ಎಲಿಸಾ ಮಾಡಿಸಿದರೆ, ಹದಿನೈದನೇ ದಿನ ಪಿಸಿಆರ್ ಮಾಡಿಸಿದರೆ, ರೋಗ ಇದ್ದರೂ 'ಇಲ್ಲ' ಎಂಬ ವರದಿ ಬರಬಹುದು. "ನೆಗೆಟಿವ್ ಬಂತಲ್ಲ, ಬಿಡಿ" ಅಂತ ಮನೆಗೆ ಹೋದವರು ಅಪಾಯಕ್ಕೆ ಸಿಕ್ಕಬಹುದು.

ಸಾಗಣೆಯೂ ತಲೆನೋವೇ. ರಕ್ತದ ಮಾದರಿ ಐಸ್ ಪೆಟ್ಟಿಗೆಯಲ್ಲಿ ತಣ್ಣಗೆ ಹೋಗಬೇಕು. ಕಾಡಂಚಿನ ಹಳ್ಳಿಯಿಂದ ಶಿವಮೊಗ್ಗದ ಪ್ರಯೋಗಾಲಯಕ್ಕೆ ದಾರಿ ಹತ್ತಿರದ್ದೇನಲ್ಲ. ಇದಕ್ಕಾಗಿಯೇ ಕ್ಷಯ ಪತ್ತೆಗೆ ಬಳಸುವ, ಬ್ಯಾಟರಿಯಲ್ಲಿ ನಡೆಯುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರಕ್ಕೆ ಮಂಗನ ಕಾಯಿಲೆಯ ಪರೀಕ್ಷೆಯನ್ನೂ ಅಳವಡಿಸಲಾಗಿದೆ. ಪುಣೆಯ ಸಂಸ್ಥೆ ಅದನ್ನು ಪರೀಕ್ಷಿಸಿಯೂ ನೋಡಿದೆ. ಇಂಥ ಯಂತ್ರ ಕಾಡಂಚಿನ ಆಸ್ಪತ್ರೆಗಳಲ್ಲೇ ಕೂತರೆ ರಕ್ತ ಊರೂರು ಅಲೆಯುವುದು ತಪ್ಪುತ್ತದೆ.

"ಔಷಧಿಯೇ ಇಲ್ಲದ ರೋಗಕ್ಕೆ ಟೆಸ್ಟ್ ಯಾಕ್ರೀ?" ಎನ್ನುವವರಿದ್ದಾರೆ. ರೋಗ ಯಾವುದೆಂದು ಗೊತ್ತಾದರೆ ವೈದ್ಯರು ರಕ್ತಸ್ರಾವದ ಮೇಲೆ ಕಣ್ಣಿಡುತ್ತಾರೆ, ಗ್ಲೂಕೋಸ್ ಹನಿಸುವುದು ತಡವಾಗದು, ಆಸ್ಪಿರಿನ್‌ನಂಥ ಮಾತ್ರೆ ದೂರವಿಡುತ್ತಾರೆ. ಊರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಬರುತ್ತದೆ, ಎಚ್ಚರಿಕೆ ಮುಟ್ಟುತ್ತದೆ. ಹಳೇ ಲಸಿಕೆಯೂ 2022ರಲ್ಲಿ ನಿಂತುಹೋದ ಮೇಲೆ ಬೇಗ ಪತ್ತೆಯ ಬೆಲೆ ಇನ್ನೂ ಹೆಚ್ಚಿದೆ.

ಯಂತ್ರ ಎಷ್ಟೇ ಜಾಣವಾದರೂ ಎರಡು ಮಾತು ಅದಕ್ಕೆ ಗೊತ್ತಿಲ್ಲ. ಜ್ವರ ಶುರುವಾದದ್ದು ಯಾವತ್ತು? ಕಾಡಿಗೆ ಹೋಗಿದ್ದಿರಾ? ಇವೆರಡನ್ನೂ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ. ವರದಿ ನೆಗೆಟಿವ್ ಬಂದು ಜ್ವರ ಮಾತ್ರ ಬಿಡದಿದ್ದರೆ, "ಇನ್ನೊಂದು ಸಲ ನೋಡಿ ಡಾಕ್ಟ್ರೇ" ಎನ್ನಲು ಸಂಕೋಚ ಬೇಡ.