ಕ್ಲಚ್ ಜಾರುತ್ತಿದೆಯೇ? ಪ್ಲೇಟು ಕೊಳ್ಳುವ ಮುನ್ನ ನೋಡಿ

ಗೊಬ್ಬರದ ಚೀಲ, ಮೈಲುತುತ್ತ, ಹಾಲಿನ ಕ್ಯಾನು, ಶಾಲೆಗೆ ಹೋಗುವ ಮಕ್ಕಳು, ಎಲ್ಲವನ್ನೂ ಹೊತ್ತು ತೋಟದ ಏರು ಹತ್ತುವುದು ಈಗ ಬೈಕು. ಇಂಥ ದುಡಿಮೆಯಲ್ಲಿ ಬಹುಬೇಗ ಸೋಲುವ ಭಾಗ ಕ್ಲಚ್ಚು. ಏರಿನ ನಡುವೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗದು. ಇದು ಬರಿಯ ಖರ್ಚಿನ ಪ್ರಶ್ನೆಯಲ್ಲ. ಏರಿನಲ್ಲಿ ಹಿಡಿತ ತಪ್ಪಿದ ಗಾಡಿ ಹೊರೆಯ ಸಮೇತ ಹಿಂದಕ್ಕೆ ಜಾರುತ್ತದೆ. ಕ್ಲಚ್ ತೀರ ಸವೆದಿದ್ದರೆ ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತವೂ ಸಿಗದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮಳೆಗಾಲದ ಕೆಮ್ಮಣ್ಣಿನ ದಾರಿಯಲ್ಲಿ ಇದರ ಪರಿಣಾಮವೇನೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ನಮ್ಮ ಬಹುತೇಕ ಬೈಕುಗಳ ಕ್ಲಚ್ಚಿನಲ್ಲಿ ಘರ್ಷಣೆಯ ಪ್ಲೇಟು, ಉಕ್ಕಿನ ಪ್ಲೇಟು ಒಂದರ ಮೇಲೊಂದರಂತೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಪ್ಲೇಟು ಸವೆದಂತೆ ಒತ್ತಡ ಕಡಿಮೆಯಾಗಿ ಜಾರುತ್ತದೆ, ಜಾರಿದಂತೆ ಬಿಸಿಯಾಗಿ ಇನ್ನಷ್ಟು ಸವೆಯುತ್ತದೆ.

ಮೊದಲು ರೋಗ ಪತ್ತೆ

ಸಮತಟ್ಟಾದ, ಎದುರಿಗೆ ಯಾರೂ ಇಲ್ಲದ ಜಾಗದಲ್ಲಿ ಬಿಸಿಯಾದ ಗಾಡಿಯನ್ನು ನಿಲ್ಲಿಸಿ, ಎರಡೂ ಬ್ರೇಕು ಹಿಡಿದು, ಮೂರನೆಯ ಗೇರಿಗೆ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡಿ. ಇಂಜಿನ್ ಕೂಡಲೇ ನಿಂತರೆ ಕ್ಲಚ್ ಹಿಡಿಯುತ್ತಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು. ಲಿವರ್ ಪೂರ್ತಿ ಒತ್ತಿದರೂ ಗಾಡಿ ಮುಂದೆ ಎಳೆಯುವುದು, ನ್ಯೂಟ್ರಲ್ ಸಿಗದಿರುವುದು ಬೇರೆಯೇ ರೋಗ. ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಜಾರುತ್ತಿದೆ ಎಂದಾಕ್ಷಣ ಪ್ಲೇಟು ತರಲು ಓಡಬೇಡಿ. ಮೊದಲು ಲಿವರಿನ ತುದಿಯ ಸಡಿಲ ನೋಡಿ. ಅನೇಕ ಬೈಕುಗಳಲ್ಲಿ ಅದು 10ರಿಂದ 20 ಮಿ.ಮೀ. ಇರತಕ್ಕದ್ದು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತಿರುತ್ತದೆ. ಅತಿಯಾದರೆ ಪೂರ್ತಿ ಬಿಡದು. ಕೇಬಲ್ಲಿನ ಎಳೆ ಹರಿದಿದ್ದರೆ ಅಥವಾ ಕೆಸರು ಸೇರಿ ಬಿಗಿದಿದ್ದರೆ ಬದಲಿಸಿ.

ಎರಡನೆಯದು ಎಣ್ಣೆ. ಈ ಪಾಠವನ್ನು ನಾನು ಹಣ ಕೊಟ್ಟು ಕಲಿತೆ. ಕಾರಿಗೆ ಹಾಕಿ ಉಳಿದ ಎಣ್ಣೆ ಇದೆಯಲ್ಲ ಎಂದು ಬೈಕಿಗೆ ಸುರಿದೆ. ವಾರದೊಳಗೆ ಗಾಡಿ ಏರು ಹತ್ತಲಿಲ್ಲ. ಹೊಸ ಪ್ಲೇಟು ಹಾಕಿಸಿ, ಅದೇ ಎಣ್ಣೆಯನ್ನು ಮತ್ತೆ ತುಂಬಿದೆ. ಅವೂ ಜಾರಿದವು! ಹಲವು ಕಾರೆಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಅದೇ ವಿಷ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಇರುವ, ಗಾಡಿಯ ಪುಸ್ತಕ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ. ಹಳ್ಳ ದಾಟಿದ ಮೇಲೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ತಕ್ಷಣ ಬದಲಿಸಿ.

ಸಡಿಲ, ಎಣ್ಣೆ ಎರಡೂ ಸರಿಯಿದ್ದು ಜಾರಿದರೆ ಮಾತ್ರ ಕ್ಲಚ್ ಬಿಚ್ಚಬೇಕು.

ಬಿಚ್ಚುವ ಕ್ರಮ

ಇಂಜಿನ್ ತಣ್ಣಗಾದ ಮೇಲೆ ಎಣ್ಣೆ ಇಳಿಸಿ. ನಮ್ಮ ಅನೇಕ ಬೈಕುಗಳಲ್ಲಿ ಕ್ಲಚ್ ಬಲಬದಿಯಲ್ಲಿದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಹಳೆಯ ಜಾವಾ, ಯೆಜ್ಡಿಗಳಲ್ಲಿ ಎಡಬದಿಯಲ್ಲಿದೆ. ಕವರಿನ ಬೋಲ್ಟುಗಳ ಉದ್ದ ಬೇರೆ ಬೇರೆ ಇರುವುದರಿಂದ ರಟ್ಟಿನಲ್ಲಿ ತೂತು ಮಾಡಿ ಅದೇ ಕ್ರಮದಲ್ಲಿ ಚುಚ್ಚಿಡಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ಲೇಟು ತೆಗೆಯುವಾಗ ಪ್ರತಿಯೊಂದನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕ್ರಮ ತಪ್ಪಿದರೆ ಕೆಲಸ ಕೆಟ್ಟಂತೆ. ಕೆಲವು ಬೈಕುಗಳಲ್ಲಿ ನಡುವಿನ ಲಾಕ್‌ನಟ್ಟನ್ನೂ ಬಿಚ್ಚಬೇಕಾಗುತ್ತದೆ. ಅದಕ್ಕೆ ತಕ್ಕ ಸ್ಪ್ಯಾನರಿಲ್ಲದೆ ಉಳಿ, ಸುತ್ತಿಗೆ ಹಿಡಿಯಬೇಡಿ. ಮೆಕ್ಯಾನಿಕ್ಕಿಗೆ ಕೊಡುವುದೇ ಲೇಸು.

ಘರ್ಷಣೆಯ ಪ್ಲೇಟಿನ ದಪ್ಪವನ್ನು ವರ್ನಿಯರ್‌ನಿಂದ ಅಳೆಯಿರಿ. ಸಣ್ಣ ಬೈಕುಗಳಲ್ಲಿ ಹೊಸದು ಸುಮಾರು 3 ಮಿ.ಮೀ. ಇರುತ್ತದೆ. ಪುಸ್ತಕದ ಮಿತಿಗಿಂತ ಇಳಿದಿದ್ದರೆ, ಸುಟ್ಟ ವಾಸನೆಯಿದ್ದರೆ ಇಡೀ ಸೆಟ್ಟನ್ನೇ ಬದಲಿಸಿ. ಉಕ್ಕಿನ ಪ್ಲೇಟನ್ನು ಗಾಜಿನ ಹಲಗೆಯ ಮೇಲಿಡಿ. ಕೆಳಗೆ 0.2 ಮಿ.ಮೀ. ಫೀಲರ್ ಗೇಜ್ ನುಗ್ಗಿದರೆ, ನೀಲಿಗಟ್ಟಿದ್ದರೆ ಅದೂ ಹೋಯಿತು. ಸ್ಪ್ರಿಂಗಿನ ಉದ್ದವನ್ನೂ ನೋಡಿ. ಹೊಸ ಪ್ಲೇಟಿಗೆ ಹಳೆಯ ಕುಗ್ಗಿದ ಸ್ಪ್ರಿಂಗ್ ಹಾಕುವುದು ಹುಸಿ ಉಳಿತಾಯ. ಬುಟ್ಟಿಯ ಹಲ್ಲುಗಳಲ್ಲಿ ಆಳವಾದ ಗಾಯವಿದ್ದರೆ ಕ್ಲಚ್ ಎಳೆಯುತ್ತದೆ.

ಹೊಸ ಘರ್ಷಣೆಯ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿಡಿ. ಒಣಗಿದ್ದನ್ನೇ ಹಾಕಿದರೆ ಮೊದಲ ಸವಾರಿಯಲ್ಲೇ ಸುಡಬಹುದು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಹದವಾಗಿ ಬಿಗಿಯಿರಿ. ಅತಿಬಲ ಬಿದ್ದರೆ ಅಲ್ಯೂಮಿನಿಯಮ್ಮಿನ ಮರೆ ಹರಿಯುತ್ತದೆ. ಎಣ್ಣೆ ತುಂಬಿ, ಲಿವರಿನ ಸಡಿಲ ಹೊಂದಿಸಿದ ಮೇಲೆ ಕೆಲವು ದಿನ ಹೊರೆ ಹೇರದೆ ಓಡಿಸಿ.

ಇಷ್ಟೆಲ್ಲ ಮಾಡಿಯೂ ಕೈಯ ಅಭ್ಯಾಸ ಬದಲಾಗದಿದ್ದರೆ ಫಲವಿಲ್ಲ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಗಾಡಿ ನಿಲ್ಲಿಸಬೇಡಿ, ಬ್ರೇಕು ಹಿಡಿಯಿರಿ. ಏರು ಬರುವ ಮೊದಲೇ ಗೇರು ಇಳಿಸಿ. ಹೊರೆ ಹೆಚ್ಚಿದ್ದರೆ ಎರಡು ಸಲ ಹೋಗಿ ಬನ್ನಿ. ಮಳೆ ಹಿಡಿಯುವ ಮುನ್ನ ಬೋರ್ಡೋ ಸಿಂಪಡಣೆಗೆ ಪಂಪು ಸಿದ್ಧಮಾಡುವ ದಿನವೇ ಕ್ಲಚ್ಚಿನ ಸಡಿಲವನ್ನೂ ಎಣ್ಣೆಯನ್ನೂ ಒಮ್ಮೆ ನೋಡಿಬಿಟ್ಟರೆ, ನಡುಮಳೆಯ ಏರಿನಲ್ಲಿ ಗಾಡಿ ಕೈಕೊಡುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.