ಹೃದಯಕ್ಕೆ ಬಾಗಿಲು ಎಲ್ಲಿ?

ಕಳೆದ ತಿಂಗಳು ಮೊದಲ ಸಲ ಅಂಧ ಮಕ್ಕಳ ಶಾಲೆಗೆ ಪಾಠ ಓದಿ ಹೇಳೋಕೆ ಹೋದೆ. ಬ್ರೈಲ್‌ನಲ್ಲಿ ಒಂದು ಕೋಶಕ್ಕೆ 6 ಚುಕ್ಕಿ. ನಮ್ಮ ಟೆಕ್ಕಿ ಭಾಷೇಲಿ 6 ಬಿಟ್, 64 ಜೋಡಣೆ. ಅಕ್ಷರಕ್ಕೆ ಅಷ್ಟು ಸಾಕು, ಚಿತ್ರಕ್ಕೆ ಸಾಲದು. ಪಾಠವನ್ನು ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಕೂಡ ಓದುತ್ತೆ. ಪುಸ್ತಕ ‘ಚಿತ್ರ ಗಮನಿಸಿ’ ಅಂದಾಗ ಮಾತ್ರ ಮನುಷ್ಯರೇ ಬೇಕು.

ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಹೃದಯಕ್ಕೆ ನಾಲ್ಕು ಕೋಣೆ ಸರಿ, ಬಾಗಿಲು ಎಲ್ಲಿ?”

ರಟ್ಟಿನ ಮೇಲೆ ದಾರ ಅಂಟಿಸಿ ಹೃದಯ ಮಾಡಿದೆವು. ಕವಾಟಗಳಿಗೆ ಒಂದೇ ಕಡೆ ಮಡಚುವ ಕಾಗದದ ಚೂರು. ಬೆರಳಾಡಿಸಿದವಳೇ, “ಓ, ಅದಕ್ಕೇ ರಕ್ತ ವಾಪಸ್ ಬರಲ್ಲ!” ಅಂದಳು.

ನೀವೂ ಹೋಗೋದಾದ್ರೆ ಕನಿಕರ ಬೇಡ. ಒಂದು ಉಂಡೆ ದಾರ, ಒಂದು ಡಬ್ಬಿ ಅಂಟು ಜೊತೆಗಿರಲಿ.